ತಟ್ಟೆಯಲ್ಲಿ ಸತ್ತ ಕೋಶ, ಪತ್ರಿಕೆಯಲ್ಲಿ ಹುಟ್ಟಿದ ಔಷಧ

ಮಾನ್ಯ ಸಂಪಾದಕರೇ,

‘ಕ್ಯಾನ್ಸರ್‌ಗೆ ಗಿಡಮೂಲಿಕೆ ಮದ್ದು: ವಿ.ವಿ. ಸಂಶೋಧಕರ ಸಾಧನೆ’ ಎಂಬ ಧಾಟಿಯ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಜೊತೆಗೆ ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳ ನಡುವೆ ಗೈಡ್, ಅಂದರೆ ಅವರ ಸಂಶೋಧನಾ ಮಾರ್ಗದರ್ಶಕರು, ನಿಂತ ಫೋಟೊ. ಜೀವರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಇಂಥ ಸುದ್ದಿಯಲ್ಲಿ ಮೊದಲು ಹುಡುಕುವುದು ಒಂದನ್ನೇ: ಆ ಮದ್ದು ಕೆಲಸ ಮಾಡಿದ್ದು ಪ್ರಯೋಗಾಲಯದ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ? ಸಾಮಾನ್ಯವಾಗಿ ಅದು ಬರೆದಿರುವುದಿಲ್ಲ. ಬರೆದಿದ್ದರೂ ಕೊನೆಯ ಪ್ಯಾರಾದಲ್ಲಿ.

ಪ್ರಯೋಗಾಲಯದಲ್ಲಿ ನಡೆದಿರುವುದು ಹೆಚ್ಚಾಗಿ ಇಷ್ಟು. ಕ್ಯಾನ್ಸರ್ ಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರ್‌ನಲ್ಲಿ ಸೀರಮ್ (ರಕ್ತದ ತಿಳಿ ಭಾಗ) ಬೆರೆಸಿದ ದ್ರವ ಕೊಟ್ಟು ಬೆಳೆಸುತ್ತಾರೆ. ಬಹಳ ಕಡೆ ಅವು ‘ಹೀಲಾ’ ಕೋಶಗಳು. 1951ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗೆಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆ ತೆಗೆದ ಕೋಶಗಳ ಸಂತತಿ ಅದು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಅವನ್ನು ಹಾಕಿ, ಎಲೆಯ ಸಾರ ಬೆರೆಸಿ, ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ. ನೇರಳೆ ಕಡಿಮೆಯಾದರೆ ಕೋಶಗಳು ಸತ್ತಿವೆ ಅಥವಾ ಬೆಳೆಯುವುದನ್ನು ನಿಲ್ಲಿಸಿವೆ ಎಂದು ಲೆಕ್ಕ.

ತಟ್ಟೆಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿದರೂ ಆ ಕೋಶಗಳು ಸಾಯುತ್ತವೆ. ಅವನ್ನು ಕೊಂದಷ್ಟೇ ಪ್ರಮಾಣದ ಎಲೆಯ ಸಾರಕ್ಕೆ ಆರೋಗ್ಯವಂತ ಕೋಶಗಳು ಉಳಿದವೇ, ಅಷ್ಟು ಸಾರ ರಕ್ತಕ್ಕೆ ಸೇರುವುದು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ತಟ್ಟೆಯಲ್ಲಿ ದಶಕಗಳಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಲೇ ಇದೆ. ನುಂಗಿದರೆ ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ.

ಹಾಗೆಂದು ಗಿಡಗಳನ್ನು ಹಳಿಯುತ್ತಿಲ್ಲ. ನಮ್ಮ ಅಂಗಳದ ಕಾಶಿಕಣಗಿಲೆಯಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳು ಬಂದಿವೆ. ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಅದರ ಎಲೆಯನ್ನು ಪರೀಕ್ಷೆಗೆ ತೆಗೆದುಕೊಂಡದ್ದು ಸಕ್ಕರೆ ಕಾಯಿಲೆಗೆಂದು. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ರಕ್ತ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಮಿತಿಮೀರಿ ಬೆಳೆಯುವುದು ಆ ಕಣಗಳೇ, ಹಾಗಾಗಿ ಅವರು ಅದರ ಬೆನ್ನು ಹತ್ತಿದರು. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಇದೆ. ಆದರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು ಎಂಬ ಲೆಕ್ಕವಿದೆ. ಅದೇ ಎಲೆಯನ್ನು ಮನೆಯಲ್ಲಿ ಅರೆದು ಕುಡಿದರೆ ಸಿಗುವುದು ಮದ್ದಲ್ಲ, ವಿಷ.

ಇಂಥ ಸುದ್ದಿ ಬಂದ ಬೆನ್ನಿಗೆ ನಮ್ಮ ವಿಭಾಗಕ್ಕೆ ರೋಗಿಗಳ ಮನೆಯವರು ಬರುತ್ತಿದ್ದರು, ಪತ್ರಿಕೆಯ ತುಣುಕನ್ನು ಜೇಬಿನಲ್ಲಿಟ್ಟುಕೊಂಡು. ‘ಆ ಕಷಾಯ ಸ್ವಲ್ಪ ಕೊಡ್ತೀರಾ ಸಾರ್, ಕೀಮೋ ನಿಲ್ಲಿಸಿದೀವಿ’ ಎಂದು ಒಬ್ಬರು ಕೇಳಿದಾಗ ಉತ್ತರಿಸಬೇಕಾದವಳು ಪಿಎಚ್‌ಡಿ ಎರಡನೇ ವರ್ಷದ ಹುಡುಗಿ. ಆಕೆಯ ಬಳಿ ಇದ್ದದ್ದು ನಾಲ್ಕು ಗ್ರಾಫ್.

ತಪ್ಪು ನಿಮ್ಮ ವರದಿಗಾರರದ್ದಷ್ಟೇ ಎಂದರೆ ಅನ್ಯಾಯವಾದೀತು. ಪತ್ರಿಕಾ ಪ್ರಕಟಣೆ ಹೊರಡುವುದೇ ವಿಶ್ವವಿದ್ಯಾಲಯದಿಂದ. ಶ್ರೇಯಾಂಕಕ್ಕೂ ಬಡ್ತಿಗೂ ಸುದ್ದಿ ಬೇಕು, ‘ಸಾಧನೆ’ ಎಂಬ ಪದ ಅಲ್ಲಿಂದಲೇ ಬರುತ್ತದೆ.

ನಿಜವಾದ ಸಾಧನೆ ನಮ್ಮಲ್ಲಿ ಆಗಿಲ್ಲವೆಂದಲ್ಲ. ಮುಂಬೈನ ಐಐಟಿ ಪ್ರಯೋಗಾಲಯದಲ್ಲಿ ರಾಹುಲ್ ಪುರ್ವಾರ್ ಮತ್ತವರ ವಿದ್ಯಾರ್ಥಿಗಳು ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ದೇಶದ ಔಷಧ ನಿಯಂತ್ರಕರ ಒಪ್ಪಿಗೆ ದೊರೆಯಿತು. ರೋಗಿಯದ್ದೇ ಬಿಳಿ ರಕ್ತಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶಗಳನ್ನು ಗುರುತಿಸುವಂತೆ ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸುವ ಕ್ರಮ ಅದು. ತಟ್ಟೆ, ಇಲಿ ದಾಟಿ, ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಮುಗಿಸಿ ಅಲ್ಲಿಗೆ ತಲುಪಲು ವರ್ಷಗಳೇ ಹಿಡಿದವು. ಆಮೇಲೂ ಅದು ಕೆಲವು ಬಗೆಯ ರಕ್ತ ಕ್ಯಾನ್ಸರ್‌ಗಳಿಗೆ ಮಾತ್ರ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ತಟ್ಟೆಯಲ್ಲಾದರೆ ತಟ್ಟೆಯಲ್ಲಿ, ಇಲಿಯಲ್ಲಾದರೆ ಇಲಿಯಲ್ಲಿ ಎಂದು ತಲೆಬರಹದಲ್ಲೇ ಹಾಕಿ. ಪ್ರಕಟಣೆ ಕೈಗೆ ಬಂದಾಗ ಆ ಕೆಲಸದಲ್ಲಿ ಪಾಲಿಲ್ಲದ ಕ್ಯಾನ್ಸರ್ ವೈದ್ಯರೊಬ್ಬರಿಗೆ ಫೋನ್ ಮಾಡಿ.

ಸುದ್ದಿಗೆ ವಸ್ತು ಬೇಕಿದ್ದರೆ ಅದೇ ಪ್ರಯೋಗಾಲಯದಲ್ಲಿ ಬೇಕಾದಷ್ಟಿದೆ. ಕಿರಿಯ ಸಂಶೋಧಕರ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿತು. ಅದು ಸಿಗದೆ ಸಂಶೋಧನೆ ಮಾಡುವವರು ಹೇಗೆ ಬದುಕುತ್ತಾರೆ? ವಾರಗಟ್ಟಲೆ ಬೆಳೆಸಿದ ಕೋಶಗಳಿಗೆ ಒಂದು ಭಾನುವಾರ ಬೂಷ್ಟು ಹಿಡಿದರೆ ಏನಾಗುತ್ತದೆ? ಒಬ್ಬ ವರದಿಗಾರರನ್ನು ಕಳಿಸಿ ಕೇಳಿಸಿ. ಗೈಡ್ ಕೊಠಡಿಯಲ್ಲಿಲ್ಲದ ಹೊತ್ತು ನೋಡಿಕೊಂಡರೆ ಒಳ್ಳೆಯದು.

— ನಿವೃತ್ತ ಜೀವರಸಾಯನಶಾಸ್ತ್ರ ಅಧ್ಯಾಪಕ, ಮೈಸೂರು