ಮೊಲಕ್ಕೆ ರಾತ್ರಿ ಬಾಗಿಲು ಹಾಕುವ ಮೊದಲು

ಸಾಗರ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೊಲ ರಾತ್ರಿಯಿಡೀ ಬೋನಿನ ಸರಳು ಕಡಿಯುತ್ತದೆ, ಬಿಟ್ಟರೆ ಚಾರ್ಜರ್ ವೈರಿಗೇ ಬಾಯಿ ಹಾಕುತ್ತದೆ ಅಂತ ನಿಮ್ಮಮ್ಮ ಹೇಳಿದಳು. ಎರಡು ಪೆಟ್ಟು ಕೊಟ್ಟರೆ ಸರಿಹೋಗುತ್ತಾ ಅಂತ ಕೇಳಿದೆಯಂತೆ. ಬೇಡಮ್ಮಾ. ಯಾಕೆ ಹೊಡೆದರು ಅಂತ ಮೊಲಕ್ಕೆ ತಿಳಿಯುವುದಿಲ್ಲ. ನಿನ್ನ ಕೈ ಕಂಡರೆ ಹೆದರುವುದನ್ನು ಮಾತ್ರ ಕಲಿಯುತ್ತದೆ.

ಮೊಲ ಚುರುಕಾಗುವುದೇ ಮುಸ್ಸಂಜೆಗೆ ಮತ್ತು ನಸುಕಿಗೆ. ಹಗಲೆಲ್ಲ ತೂಕಡಿಸಿದ ಪ್ರಾಣಿ ಸಂಜೆಯೂ ಬೋನಿನಲ್ಲೇ ಇದ್ದರೆ ರಾತ್ರಿ ಸುಮ್ನೆ ಮಲಗುತ್ತದಾ? ನೀನು ಕೆಲಸದಿಂದ ಬಂದ ಕೂಡಲೇ ಹೊರಗೆ ಬಿಡು. ಎರಡು ಮೂರು ಗಂಟೆ ಓಡಲಿ, ನೆಗೆಯಲಿ. ನಿಮ್ಮ ಮನೆಯ ಗಾರೆ ನೆಲದಲ್ಲಿ ಅದರ ಕಾಲು ಜಾರುತ್ತದೆ, ಹಳೇ ಜಮಖಾನ ಹಾಸು. ಆ ಹೊತ್ತಿನಲ್ಲಿ ತಿಂಡಿ ಕೊಡಬೇಡ. ಕೊತ್ತಂಬರಿ ಸೊಪ್ಪು ಸಿಗುವುದು ರಾತ್ರಿ ಒಳಗೆ ಹೋದಾಗ ಮಾತ್ರ ಅಂತಾದರೆ, ಕೆಲವೇ ದಿನದಲ್ಲಿ ಅದೇ ಓಡಿ ಬಂದು ಒಳಗೆ ಕೂರುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿಯುವ ಗೋಳೇ ಇರುವುದಿಲ್ಲ.

ಆ ಸಣ್ಣ ಬೋನನ್ನು ಮೊದಲು ಬದಲಾಯಿಸು. ಮೈ ಚಾಚಿ ಮಲಗಲು, ನಾಲ್ಕು ಹೆಜ್ಜೆ ನೆಗೆಯಲು ಜಾಗ ಬೇಕು. ಕೋಣೆಯ ಒಂದು ಮೂಲೆಗೆ ಮೂರಡಿ ಎತ್ತರದ ಜಾಲರಿ ಕಟ್ಟಿಸಿದರೆ ಸಾಕು. ತಗ್ಗಾದರೆ ಹಾರಿಬಿಡುತ್ತದೆ. ನೆಲಕ್ಕೆ ಮಾತ್ರ ತಂತಿ ಬೇಡ, ಅಂಗಾಲು ಹುಣ್ಣಾಗುತ್ತದೆ. ಅದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಕಡಿಯುವುದನ್ನು ಬಿಡಿಸಲು ಆಗುವುದಿಲ್ಲ. ಹಿತ್ತಿಲಿನ ಪೇರಲೆ ಕಡ್ಡಿ ಒಳಗೆ ಹಾಕು, ವೈರುಗಳನ್ನು ಪಿವಿಸಿ ಪೈಪಿನೊಳಗೆ ತೂರಿಸು.

ಇಷ್ಟು ಕಷ್ಟ ಯಾಕೆ, ಜಗುಲಿಯಲ್ಲಿ ಬಿಟ್ಟರಾಯಿತು ಅಂತ ಯಾರಾದರೂ ಹೇಳಿದರೆ ಕೇಳಬೇಡ. ತೀರ್ಥಹಳ್ಳಿ ಕಡೆ ತೋಟದ ಮನೆ ಅಂದಮೇಲೆ ರಾತ್ರಿ ಕಾಡುಬೆಕ್ಕು, ನಾಯಿ, ಹಾವು ಎಲ್ಲ ಓಡಾಡುತ್ತವೆ. ಅವು ಮುಟ್ಟದೇ ಹೋದರೂ ಬರೀ ಹೆದರಿಕೆಗೇ ಮೊಲ ಪ್ರಾಣ ಬಿಡುವುದುಂಟು. ಬಚ್ಚಲ ನೀರು ಹೋಗುವ ತೂತಿಗೂ ಗಟ್ಟಿ ಜಾಲರಿ ಹೊಡೆಸು. ಇದನ್ನು ಈ ವಾರವೇ ಮಾಡಿಸು, ಮುಂದೆ ಹಾಕಬೇಡ.

ಇನ್ನೊಂದು ಮಾತು. ರಾತ್ರಿ ಹಾಕಿದ ಹುಲ್ಲು ಬೆಳಿಗ್ಗೆ ಹಾಗೇ ಇದ್ದು, ಹಿಕ್ಕೆಯೂ ಕಾಣದಿದ್ದರೆ ಸಂಜೆಯವರೆಗೆ ಕಾಯಬೇಡ. ಅರ್ಧ ದಿನ ಹೊಟ್ಟೆಗೆ ಬೀಳದಿದ್ದರೂ ಮೊಲದ ಕರುಳು ನಿಂತುಬಿಡಬಹುದು. ತಕ್ಷಣ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗು. ಸಂತಾನಹರಣ ಚಿಕಿತ್ಸೆಯ ಬಗ್ಗೆಯೂ ಅಲ್ಲೇ ಕೇಳು. ಅದು ಆದ ಮೇಲೆ ಕೆರೆಯುವುದು, ಕಂಡಲ್ಲಿ ಉಚ್ಚೆ ಹೊಯ್ಯುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಬೂಸಲು ಹಿಡಿದ ಹುಲ್ಲು ಹಾಕಲೇಬೇಡ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು ನಮ್ಮಲ್ಲಿದೆ. ಭಾನುವಾರ ಮಾವನ ಕೈಲಿ ಒಂದು ಚೀಲ ಕಳಿಸುತ್ತೇನೆ.

ಇಂತಿ ನಿನ್ನ ಅತ್ತೆ