ಬುತ್ತಿಯೊಳಗಿನ ಕಡಲು

ಕೊಪ್ಪಳ
ಭಾನುವಾರ ಮಧ್ಯಾಹ್ನ

ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇಷ್ಟೇ: "ಮೂರೂ ಮಕ್ಕಳಿಗೆ ಯಾವ ಪುಸ್ತಕ ಕೊಡಿಸ್ಲಿ? ಪಟ್ಟಿ ಕಳಿಸು." ಕಿರಾಣಿ ಚೀಟಿ ಥರ ಬರೆದು ಕಳಿಸಿದರೆ ನೀನು ಒಂದೇ ದಿನ ಎಲ್ಲಾ ತಂದು ಕಪಾಟಿಗೆ ತುಂಬಿಸುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಅದಕ್ಕೇ ಈ ಪತ್ರ.

ಮೊದಲು ನನ್ನ ಪೆದ್ದುತನ ಕೇಳು. ಎರಡು ವರ್ಷದ ಹಿಂದೆ ಗವಿಮಠದ ಜಾತ್ರೆಯಲ್ಲಿ ಮಗನಿಗೆಂದು ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕ ಕೊಂಡೆ. ಆಗ ಅವನಿಗೆ ಆರು ವರ್ಷ. ರಟ್ಟಿನ ಮೇಲೆ '6ರಿಂದ 14' ಎಂದಿತ್ತು. ಆರರವನಿಗೂ ಹದಿನಾಲ್ಕರವನಿಗೂ ಒಂದೇ ಅಳತೆಯಲ್ಲಿ ಅಂಗಿ ಹೊಲಿಸಿದ ಹಾಗೆ ಅಲ್ವಾ ಅದು? ಮನೆಗೆ ಬಂದು ಬಿಚ್ಚಿದರೆ ಒಳಗಿನ ಕನ್ನಡ ನನಗೇ ಅರ್ಥವಾಗಲಿಲ್ಲ. ಮಗ ಮಾತ್ರ ಅದನ್ನು ಚೆನ್ನಾಗಿ ಬಳಸಿದ. ಗಾಳಿಪಟಕ್ಕೆ ಹಚ್ಚಿದ ಅಂಟು ಒಣಗುವವರೆಗೆ ಕಾಗದದ ಮೇಲೆ ಭಾರಕ್ಕೆ ಇಡುತ್ತಿದ್ದ.

ನಿನ್ನ ಸಣ್ಣವಳಿಗೆ ಮೂರು ವರ್ಷ. ಅವಳಿಗೆ ಕತೆಗಿಂತ ಸದ್ದು ಮುಖ್ಯ. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳಿಂದ ಶುರು ಮಾಡು. 'ತುತ್ತೂರಿ' ನಿನಗೂ ಬಾಯಿಪಾಠ ಇದ್ದೇ ಇದೆ. ಕಸ್ತೂರಿಯ ತುತ್ತೂರಿ ನೀರಿಗೆ ಜಾರಿ ಬಣ್ಣ ಹೋಗುತ್ತಲ್ಲ, ಅಲ್ಲಿಗೆ ನಮ್ಮ ಮಾಸ್ತರು "ಜಂಬ ಪಡಬಾರದು" ಎಂದು ಮುಗಿಸುತ್ತಿದ್ದರು. ನನ್ನ ಮಗ ಕೇಳಿದ್ದೇ ಬೇರೆ: "ಅವನಿಗೆ ಇನ್ನೊಂದು ಕೊಡಿಸಿದ್ರಾ, ಇಲ್ವಾ?" ನೀನು ದಯವಿಟ್ಟು "ಇದರ ನೀತಿ ಏನು ಹೇಳು" ಎಂದು ಮಾತ್ರ ಕೇಳಬೇಡ. ಇನ್ನು ಪುಸ್ತಕದ ಮೂಲೆ ಅವಳು ಕಚ್ಚೇ ಕಚ್ಚುತ್ತಾಳೆ. ಜಾಸ್ತಿ ಬೆಲೆಯದು ತರಬೇಡ.

ನಡುವಿನವನಿಗೆ ಈಗ ಏಳು. ಓದಲು ಬರುತ್ತೆ, ಆದರೆ ಒತ್ತಕ್ಷರ ಬಂದಲ್ಲಿ ಎತ್ತಿನಗಾಡಿ ಹಳ್ಳದಲ್ಲಿ ಸಿಕ್ಕ ಹಾಗೆ ನಿಲ್ಲುತ್ತಾನೆ ಎಂದೆಯಲ್ಲ. ಪ್ರಥಮ್ ಬುಕ್ಸ್‌ನವರ ಪುಸ್ತಕಗಳನ್ನು ನೋಡು. ತೆಳ್ಳಗಿವೆ, ಕಡಿಮೆ ಬೆಲೆಯವು, ಹಿಂದಿನ ರಟ್ಟಿನ ಮೇಲೆ ಒಂದರಿಂದ ನಾಲ್ಕು ಎಂದು ಓದಿನ ಹಂತ ಹಾಕಿರುತ್ತಾರೆ. ಅವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಕತೆಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಅವನಿಗೆ ಎರಡನೇ ಹಂತ ಸರಿ ಎನಿಸಿದರೆ ಒಂದನೆಯದನ್ನು ಕೊಡು. ಸರಸರ ಓದಿ ಮುಗಿಸಿದ ಖುಷಿ ಇದೆಯಲ್ಲ, ಅದೇ ಮುಂದಿನ ಪುಸ್ತಕ ತೆಗೆಸುತ್ತೆ.

ಅವನು ಓದುವುದು ಅದು. ನೀನು ಓದಿ ಹೇಳಬೇಕಾದದ್ದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಕಿಂದರಿ ನುಡಿಸಿ ಊರಿನ ಇಲಿಗಳನ್ನೆಲ್ಲ ಹೊಳೆಗೆ ಇಳಿಸುವ ಜೋಗಿಯ ಕತೆ. ಮೂಲ ಇಂಗ್ಲಿಷ್ ಕವಿ ಬ್ರೌನಿಂಗ್‌ದು, ಆದರೆ ಇಲಿಗಳೆಲ್ಲ ನಮ್ಮ ಕಡೆಯವೇ. ಅವುಗಳಲ್ಲೂ ಮಾವ, ಭಾವ, ಅಕ್ಕ, ತಂಗಿ ಇದ್ದಾರೆ! ಬೊಮ್ಮನಹಳ್ಳಿ ಇರುವುದು ತುಂಗೆಯ ಬಲದಂಡೆಯಲ್ಲಿ. ಆ ನೀರೇ ಭದ್ರೆಯನ್ನು ಕೂಡಿಕೊಂಡು ನಮ್ಮ ಮುನಿರಾಬಾದಿನ ಡ್ಯಾಮಿಗೆ ಬರುವುದು ಎಂದು ಮಗನಿಗೆ ಹೇಳಿ ಕೆಟ್ಟೆ. "ಹಂಗಾದ್ರೆ ಸತ್ತ ಇಲಿ ಎಲ್ಲಾ ನಮ್ಮ ಡ್ಯಾಮಿಗೆ ಬಂದವಾ?" ಎಂದು ಎರಡು ದಿನ ನಲ್ಲಿ ನೀರು ಮುಟ್ಟಲಿಲ್ಲ.

ದೊಡ್ಡವಳ ವಯಸ್ಸೇ ಕಷ್ಟದ್ದು. ಹನ್ನೊಂದು. ಚಿತ್ರದ ಪುಸ್ತಕ ಕೊಟ್ಟರೆ ಅವಮಾನ, ಕಾದಂಬರಿ ಕೊಟ್ಟರೆ ಆಕಳಿಕೆ. ಕನ್ನಡದಲ್ಲಿ ಈ ವಯಸ್ಸಿನವರಿಗೆ ಪುಸ್ತಕ ಕಡಿಮೆ ಎಂದೇ ನನ್ನ ದೂರು. ಸದ್ಯಕ್ಕೆ 'ತೊತ್ತೋಚಾನ್' ಕೊಡು. ಜಪಾನಿನ ತೆತ್ಸುಕೊ ಕುರೊಯನಗಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು, ಅಲ್ಲಿ 1981ರಲ್ಲಿ ಬಂತು. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಹೊಸ ಶಾಲೆಗೆ ಹೋಗುತ್ತಾಳೆ. ಹಳೆಯ ರೈಲು ಡಬ್ಬಿಗಳೇ ಅಲ್ಲಿ ಕ್ಲಾಸ್‌ರೂಮು. ಮೊದಲ ದಿನ ಹೆಡ್‌ಮಾಸ್ತರು ಅವಳ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ನಮ್ಮ ಮಾತನ್ನು ಯಾರಾದರೂ ನಾಲ್ಕು ನಿಮಿಷ ಕೇಳಿದ್ದರಾ? ಒಂದನೇ ಕ್ಲಾಸಿನವಳ ಕತೆ ಹನ್ನೊಂದರವಳಿಗೆ ಯಾಕೆ ಎನ್ನಬೇಡ. ನನಗೆ ನಲವತ್ತೆರಡು, ನಾನೂ ಓದಿದೆ.

ಆ ಶಾಲೆಯಲ್ಲಿ ಮಕ್ಕಳ ಬುತ್ತಿಯಲ್ಲಿ ಕಡಲಿನದು ಏನಾದರೂ, ಬೆಟ್ಟದ್ದು ಏನಾದರೂ ಇರಬೇಕು. ನನ್ನ ಮಗಳು ಅದನ್ನು ಓದಿದ ಮರುದಿನ ಡಬ್ಬಿ ಬಿಚ್ಚಿ ಕೂತಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಇದರಲ್ಲಿ ಕಡಲಿಂದ ಬಂದಿದ್ದು ಏನೈತಿ ಅವ್ವಾ?" ಇವಳು ಒಲೆ ಮುಂದಿನಿಂದ ತಿರುಗದೇ "ಉಪ್ಪು" ಎಂದಳು. ಬೆಟ್ಟದ್ದು ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಅದು ಹಿಡಿಸಿದರೆ ಮುಂದಿನ ವರ್ಷ ತೇಜಸ್ವಿಯವರ 'ಪರಿಸರದ ಕತೆ'. ಮಲೆನಾಡಿನ ಕಾಡು, ಮಳೆ ನಮ್ಮ ಬಿಸಿಲಿನ ಮಕ್ಕಳಿಗೆ ಬೇರೆ ದೇಶವೇ. ಆದರೆ ಕಿವಿ ಎಂಬ ನಾಯಿ ಬಂದ ಮೇಲೆ ಯಾರೂ ಪುಸ್ತಕ ಕೆಳಗಿಡುವುದಿಲ್ಲ.

ಊರಲ್ಲಿರುವ ನಿಮ್ಮಣ್ಣನ ಮಕ್ಕಳಿಗೆ ನೀನು ಕೊಂಡು ಕಳಿಸಬೇಕಾಗಿಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಹೆಸರು ಬರೆಸಲು ಹೇಳು.

'ತೊತ್ತೋಚಾನ್' ನಮ್ಮ ಮನೆಯಲ್ಲಿ ಎರಡಿವೆ. ಒಂದರಲ್ಲಿ ಬುತ್ತಿಯ ಪುಟದ ಮೇಲೆ ಶೇಂಗಾ ಹಿಂಡಿಯ ಎಣ್ಣೆ ಕಲೆ ಇದೆ. ಅದನ್ನು ಕೊಡುವುದಿಲ್ಲ ಎಂದು ಮಗಳು ಹಟ ಹಿಡಿದಿದ್ದಾಳೆ. ಹೊಸದನ್ನು ಶುಕ್ರವಾರ ರಾತ್ರಿ ಬಸ್ಸಿಗೆ ಹಾಕುತ್ತೇನೆ, ಬೆಳಿಗ್ಗೆ ಹೋಗಿ ಇಸ್ಕೋ.

ನಿನ್ನ ದೋಸ್ತ