ನಿನ್ನ ತಮ್ಮನ ಸ್ವಭಾವದ ಬಗ್ಗೆ

ಗೆಳೆಯಾ,

"ಅವನ ಸ್ವಭಾವವೇ ಅಂಥದ್ದು ಕಣೋ, ಹೆರಾಯಿನ್ ಬಿಡಲ್ಲ" ಎಂದು ಬರೆದಿದ್ದೀಯ. ಆ ಮಾತನ್ನು ಒಪ್ಪಲು ನನಗೆ ಆಗುತ್ತಿಲ್ಲ. ಇದೇ ಸಂಕಟದಲ್ಲಿರುವ ಬೇರೆಯವರೂ ಓದಲಿ ಎಂದು, ನಿನ್ನನ್ನು ಕೇಳಿಯೇ, ಹೆಸರು ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ.

ಸ್ವಭಾವದ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಹಿಂದೆಮುಂದೆ ನೋಡದೆ ನುಗ್ಗುವವರು, ಬೇಗ ಕಳವಳಪಡುವವರು ಚಟಕ್ಕೆ ಸಿಕ್ಕಿಬೀಳುವುದು ಜಾಸ್ತಿ. ಆದರೆ ಅದೇ ಸ್ವಭಾವದ ಎಷ್ಟೋ ಜನ ಡ್ರಗ್ಸ್ ಮುಟ್ಟುವುದೂ ಇಲ್ಲ. 1971ರಲ್ಲಿ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದವರಲ್ಲಿ ಹೆಚ್ಚಿನವರು ಮನೆಗೆ ಬಂದ ಮೇಲೆ ಮತ್ತೆ ಆ ಚಟಕ್ಕೆ ಬೀಳಲಿಲ್ಲ. ಅವರ ಸ್ವಭಾವ ಅಷ್ಟರಲ್ಲೇ ಬದಲಾಗಿರಲಿಲ್ಲ, ಅಲ್ವಾ? ಸುತ್ತಲಿನ ಬದುಕು ಬದಲಾಗಿತ್ತು.

ಜಗಳವಾದಾಗ, ನಿದ್ದೆ ಬಾರದಾಗ, ಮನಸ್ಸು ಕುಸಿದಾಗ ನಿನ್ನ ತಮ್ಮನಿಗೆ ಬೇರೆ ಯಾವ ದಾರಿ ಗೊತ್ತಿದೆ? ನೋವು ತಡೆಯಲು ಅವನು ಕಂಡುಕೊಂಡದ್ದು ಅದೊಂದೇ ಇರಬಹುದು. ಅದನ್ನು ಕಿತ್ತುಕೊಂಡರೂ ನೋವು ಅಲ್ಲೇ ಇರುತ್ತದೆ. ಬೇರೆ ದಾರಿಗಳನ್ನು ಕಲಿಯಬಹುದು, ಕೌನ್ಸೆಲಿಂಗ್‌ನಲ್ಲಿ ಅದನ್ನೇ ಕಲಿಸುತ್ತಾರೆ: ಆಸೆ ಯಾವ ಹೊತ್ತಿಗೆ, ಯಾರ ಜೊತೆಗಿದ್ದಾಗ ಬರುತ್ತದೆ ಎಂದು ಗುರುತಿಸುವುದು, ಅದು ಇಳಿಯುವ ತನಕ ಯಾರ ಜೊತೆಗಾದರೂ ಮಾತಾಡುವುದು. ಹೆರಾಯಿನ್ ಆಸೆಯನ್ನೂ ಬಿಟ್ಟಾಗಿನ ಸಂಕಟವನ್ನೂ ತಗ್ಗಿಸುವ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಿಯನ್ನು ವೈದ್ಯರು ಕೊಟ್ಟರೆ ಅದು ಇನ್ನೊಂದು ಚಟ ಎಂದು ಬೈದು ನಿಲ್ಲಿಸಬೇಡ.

ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಒಂದು ಪಟ್ಟಿ ಇದೆ, ಬದುಕು ಹೇಗಿದೆ ಎಂದು ಅಳೆಯಲು. ನಿದ್ದೆ, ನೋವು, ದುಡ್ಡು, ಸ್ನೇಹಿತರ ಆಸರೆ, ಇರುವ ಮನೆ ಎಲ್ಲವನ್ನೂ ಕೇಳುತ್ತದೆ. ನೀನು ದಿನಾ ಕೇಳುವುದು ಮಾತ್ರ "ಇವತ್ತು ತಗೊಂಡ್ಯಾ?" ಅಂತ. ರಾತ್ರಿ ನಿದ್ದೆ ಬಂತಾ ಎಂದೂ ಕೇಳು. ಅವನು ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದರೆ ಅದೂ ಚೇತರಿಕೆಯೇ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಕೆಲವು ವಾರ ಬಿಟ್ಟವನ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಹುದು. ಹಾಗಾಗಿ "ಮತ್ತೆ ಮುಟ್ಟಿದರೆ ಮನೆ ಬಿಡು" ಎಂದಿದ್ದೆಯಲ್ಲ, ಅದನ್ನು ಇವತ್ತೇ ಹಿಂತೆಗೆದುಕೋ. ಜಾರಿದರೆ ಅವನು ಮೊದಲು ನಿನಗೇ ಫೋನ್ ಮಾಡುವಂತಿರಬೇಕು. ಡಾಕ್ಟರ್ ಹತ್ತಿರ ಹೋದಾಗ ನ್ಯಾಲೋಕ್ಸೋನ್ (ಹೆರಾಯಿನ್ ಅತಿಯಾಗಿ ಉಸಿರು ನಿಲ್ಲುತ್ತಿರುವಾಗ ಅದನ್ನು ಮರಳಿಸುವ ಔಷಧಿ) ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆಯೂ ಕೇಳು.

ನಿನ್ನ ಗೆಳೆಯ